ಆಗುಂಬೆ ಘಾಟಿಯಲ್ಲಿ ಇಳಿದ ಗಾಳಿ: ಬೈಕಿಗೊಂದು ಪಂಪ್ ಆರಿಸಿದ ಪ್ರಕರಣ

ಹಿನ್ನೆಲೆ

ಉಡುಪಿ ಕಡೆಯ ಒಬ್ಬ ಬೈಕ್ ಸವಾರರು ಒಂದು ವರ್ಷದ ಅವಧಿಯಲ್ಲಿ ಗಾಳಿ ಹಾಕುವ ಪಂಪುಗಳನ್ನು ಒಂದರ ನಂತರ ಒಂದು ತಂದು, ಕೆಲವನ್ನು ಬಿಟ್ಟು, ಕೊನೆಗೆ ಒಂದಕ್ಕೆ ನಿಂತ ಪ್ರಕರಣ ಇದು. ಅವರ ಗುರುತು ಸಿಗದಂತೆ ಕೆಲಸದ ವಿವರ, ಬೈಕಿನ ಮಾಡೆಲ್, ಅಂಗಡಿಗಳ ಹೆಸರು ಬಿಟ್ಟಿದ್ದೇವೆ. ಅಳತೆ, ಸಮಯ, ಗಾಳಿಯ ಲೆಕ್ಕ ಮಾತ್ರ ಇದ್ದ ಹಾಗೆಯೇ ಇದೆ.

ಸವಾರರದ್ದು ಊರೂರು ಸುತ್ತುವ ಮಾರಾಟದ ಕೆಲಸ. ವಾರದಲ್ಲಿ ಎರಡು ದಿನ ಉಡುಪಿ, ಮಲ್ಪೆ, ಕಾಪು. ಒಂದು ದಿನ ಕಾರ್ಕಳ, ಮೂಡುಬಿದಿರೆ. ಒಂದು ದಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಪಡುಬಿದ್ರಿ, ಮುಲ್ಕಿ, ಸುರತ್ಕಲ್ ದಾಟಿ ಮಂಗಳೂರು. ಶುಕ್ರವಾರ ಹೆಬ್ರಿ, ಸೋಮೇಶ್ವರ ಮೂಲಕ ಆಗುಂಬೆ ಹತ್ತಿ ತೀರ್ಥಹಳ್ಳಿ, ಸಂಜೆ ಅದೇ ದಾರಿಯಲ್ಲಿ ವಾಪಸು. ಬೈಕು 150 ಸಿಸಿಯದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಅಲಾಯ್ ಚಕ್ರ, ಎರಡೂ ಟ್ಯೂಬ್‌ಲೆಸ್ ಟೈರು. ಹಿಂದಿನ ಟೈರಿನ ಅಳತೆ 100/90-17. ಕಂಪನಿಯ ಪುಸ್ತಕ ಹೇಳುವ ಗಾಳಿ: ಮುಂದೆ 25 ಪಿಎಸ್‌ಐ (ಟೈರಿನೊಳಗಿನ ಒತ್ತಡ ಅಳೆಯುವ ಮಾನ), ಹಿಂದೆ ಒಬ್ಬರೇ ಇದ್ದರೆ 28, ಇಬ್ಬರಿದ್ದರೆ 32. ಬೈಕಿನಲ್ಲಿ ಕಿಕ್ಕರ್ ಇಲ್ಲ, ಸೆಲ್ಫ್ ಸ್ಟಾರ್ಟ್ ಮಾತ್ರ. ಮುಂದೆ ನಡೆದದ್ದಕ್ಕೆ ಈ ಕೊನೆಯ ಮಾತು ಮುಖ್ಯ.

ಅವರ ಬಳಿ ಪಂಪ್ ಇರಲಿಲ್ಲ ಎಂದಲ್ಲ. ಆನ್‌ಲೈನಿನಲ್ಲಿ ₹900ಕ್ಕೆ ತರಿಸಿದ 12 ವೋಲ್ಟಿನ ಕಾರ್ ಪಂಪ್ ಸೀಟಿನ ಹಿಂದಿನ ಬ್ಯಾಗಿನಲ್ಲೇ ಇತ್ತು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ 150 ಪಿಎಸ್‌ಐ ಎಂದಿತ್ತು. ಅದನ್ನು ನೋಡಿಯೇ ಕೊಂಡದ್ದು.

ಜುಲೈಯ ಶುಕ್ರವಾರ

ತೀರ್ಥಹಳ್ಳಿಯಿಂದ ಹಿಂದಿರುಗುವಾಗ ಸಂಜೆ ಆರರ ಸುಮಾರಿಗೆ, ಘಾಟಿಯ ಅರ್ಧ ಇಳಿದಾಗ, ಹಿಂದಿನ ಚಕ್ರ ಓಲಾಡತೊಡಗಿತು. ನಿಲ್ಲಿಸಿ ನೋಡಿದರೆ ಟೈರು ನೆಲಕ್ಕೆ ಹರಡಿಕೊಂಡಿದೆ. ಮಳೆ ಹನಿಯುತ್ತಿತ್ತು, ಮಂಜು ಬೇರೆ. ಸೋಮೇಶ್ವರದಲ್ಲಿ ಆ ಹೊತ್ತಿಗೆ ಪಂಕ್ಚರ್ ಅಂಗಡಿ ತೆರೆದಿರುತ್ತದೆಂಬ ನಂಬಿಕೆ ಇರಲಿಲ್ಲ. ಹೆಬ್ರಿ ಅಲ್ಲಿಂದಲೂ ಮುಂದೆ.

ಟೈರಿನ ನಡುವೆ ಒಂದು ಮೊಳೆಯ ತಲೆ ಕಾಣುತ್ತಿತ್ತು. ಇಕ್ಕಳದಲ್ಲಿ ಕೀಳಲು ನೋಡಿದರು, ಜಾರಿತು, ಬರಲಿಲ್ಲ. ಬರದಿದ್ದುದೇ ಅವರನ್ನು ಕಾಪಾಡಿತು. ತೂತು ಮುಚ್ಚುವ ಸಾಮಾನು ಕೈಯಲ್ಲಿಲ್ಲದಿರುವಾಗ ಮೊಳೆಯೇ ಬಿರಡೆ. ಅದು ಇರುವ ತನಕ ಗಾಳಿ ಮೆಲ್ಲಗೆ ಸೋರುತ್ತದೆ, ಕಿತ್ತರೆ ಒಂದು ನಿಮಿಷದಲ್ಲಿ ಖಾಲಿ.

ನಂತರ ಪಂಪ್ ತೆಗೆದರು. ಅದರ ವಯರಿನ ತುದಿಯಲ್ಲಿದ್ದದ್ದು ಕಾರಿನ ಸಿಗರೇಟ್ ಲೈಟರ್‌ಗೆ ಹಾಕುವ ಪ್ಲಗ್. ಬೈಕಿನ ಹ್ಯಾಂಡಲಿನಲ್ಲಿ ಮೊಬೈಲ್ ಚಾರ್ಜ್ ಮಾಡುವ ಯುಎಸ್‌ಬಿ ಬಿಟ್ಟರೆ ಬೇರೆ ಏನೂ ಇಲ್ಲ. ಪುಣ್ಯಕ್ಕೆ ಡಬ್ಬದಲ್ಲಿ ಬ್ಯಾಟರಿಗೆ ಕಚ್ಚಿಸುವ ಕ್ಲಿಪ್ಪಿನ ವಯರೂ ಇತ್ತು. ಪಕ್ಕದ ಕವರಿನ ಸ್ಕ್ರೂ ಬಿಚ್ಚಿ, ಬ್ಯಾಟರಿ ಹೊರಗೆ ಕಾಣುವ ಹಾಗೆ ಮಾಡಿ, ಮೊಬೈಲಿನ ಬೆಳಕಿನಲ್ಲಿ ಕೆಂಪು ಕಪ್ಪು ನೋಡಿ ಕಚ್ಚಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಎಂಜಿನ್ ಬಂದ್ ಮಾಡಿಯೇ ಪಂಪ್ ಓಡಿಸಿದರು. ನಾಲ್ಕು ನಿಮಿಷದಲ್ಲಿ ಟೈರು 18 ಪಿಎಸ್‌ಐ ತನಕ ಬಂತು, ಆಮೇಲೆ ಪಂಪಿನ ಸದ್ದು ಕುಗ್ಗಿತು. ಸ್ಟಾರ್ಟ್ ಒತ್ತಿದರೆ ಕಟಕಟ ಎಂಬ ಸದ್ದು ಬಿಟ್ಟು ಬೇರೇನಿಲ್ಲ.

ಕಾರಣ ಸರಳ. ಇಂಥ ಪಂಪು ಎಳೆಯುವ ಕರೆಂಟು ಸುಮಾರು 10 ಆಂಪಿಯರ್. ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಥವಾ ಅದಕ್ಕಿಂತ ದೊಡ್ಡದು, ಅದಕ್ಕೆ ಇದು ಲೆಕ್ಕಕ್ಕಿಲ್ಲ. ಈ ಬೈಕಿನದ್ದು 6 ಆಂಪಿಯರ್-ಅವರ್, ಅದೂ ಮೂರು ವರ್ಷ ಹಳೆಯದು. ಮಳೆಗಾಲದಲ್ಲಿ ಹೆಡ್‌ಲೈಟ್ ಉರಿಸಿಕೊಂಡು ನಿಂತು ನಿಂತು ಓಡುವ ಬೈಕಿನ ಬ್ಯಾಟರಿ ಮೊದಲೇ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಎಂಜಿನ್ ಚಾಲೂ ಇಟ್ಟು, ಆಕ್ಸಿಲರೇಟರ್ ಸ್ವಲ್ಪ ಎತ್ತಿ ಹಿಡಿದಿದ್ದರೆ ಬೈಕಿನ ಚಾರ್ಜಿಂಗ್ ಒಂದಿಷ್ಟು ಕರೆಂಟು ಕೊಡುತ್ತಿತ್ತು, ಬ್ಯಾಟರಿ ಇಷ್ಟು ಸೋಲುತ್ತಿರಲಿಲ್ಲ.

ಇಳಿಜಾರು ಇದ್ದುದರಿಂದ ಎರಡನೇ ಗೇರಿನಲ್ಲಿ ಕ್ಲಚ್ ಹಿಡಿದು ಉರುಳಿಸಿ, ಬಿಟ್ಟು ಸ್ಟಾರ್ಟ್ ಮಾಡಿದರು. ಗಂಟೆಗೆ 30 ಕಿಲೋಮೀಟರ್ ದಾಟದೆ ಹೆಬ್ರಿ ಸೇರುವಾಗ ಟೈರಿನಲ್ಲಿ ಉಳಿದಿದ್ದದ್ದು 11 ಪಿಎಸ್‌ಐ. ಇದೇ ಸಪಾಟು ರಸ್ತೆಯಲ್ಲಿ, ಉದಾಹರಣೆಗೆ ಪಡುಬಿದ್ರಿಯ ಹತ್ತಿರ ಆಗಿದ್ದರೆ, ಒಬ್ಬರೇ ತಳ್ಳಿ ಸ್ಟಾರ್ಟ್ ಮಾಡುವುದು ಕಷ್ಟವಿತ್ತು.

ಲೆಕ್ಕ ಹಾಕಿದ್ದು

ಮರುದಿನ ಸವಾರರು ಕೇಳಿದ ಪ್ರಶ್ನೆ ಎಲ್ಲರೂ ಕೇಳುವಂಥದ್ದೇ: ಯಾವ ಪಂಪ್ ಒಳ್ಳೆಯದು? ಇದಕ್ಕೆ ಉತ್ತರ ಹುಡುಕುವ ಮೊದಲು ಕೇಳಬೇಕಾದದ್ದು ಬೇರೆ: ನನ್ನ ಟೈರಿಗೆ ಎಷ್ಟು ಗಾಳಿ ಬೇಕು? ಡಬ್ಬದ ಮೇಲಿನ 150 ಪಿಎಸ್‌ಐ ಇದನ್ನು ಹೇಳುವುದಿಲ್ಲ. ಅದು ಒತ್ತಡದ ಗರಿಷ್ಠ ಮಿತಿ. ಬೈಕಿಗೆ ಬೇಕಾದದ್ದು 25ರಿಂದ 32. ಅಷ್ಟು ಒತ್ತಡವನ್ನು ಸೈಕಲ್ ಪಂಪೂ ಕೊಡುತ್ತದೆ. ವ್ಯತ್ಯಾಸ ಇರುವುದು ಒತ್ತಡದಲ್ಲಲ್ಲ, ಒಂದು ಸಲಕ್ಕೆ ಅಥವಾ ಒಂದು ನಿಮಿಷಕ್ಕೆ ಎಷ್ಟು ಗಾಳಿ ಒಳಗೆ ಹೋಗುತ್ತದೆ ಎಂಬುದರಲ್ಲಿ.

100/90-17 ಟೈರಿನ ಹೊಟ್ಟೆಯಲ್ಲಿ ಸುಮಾರು 9 ಲೀಟರ್ ಜಾಗವಿದೆ. 28 ಪಿಎಸ್‌ಐ ಎಂದರೆ 1.93 ಬಾರ್; ಒಂದು ಬಾರ್ ಸುಮಾರಾಗಿ ಹೊರಗಿನ ವಾಯುಭಾರದಷ್ಟು. ಹಾಗಾಗಿ ಪೂರ್ತಿ ಇಳಿದ ಟೈರನ್ನು ತುಂಬಲು ಹೊರಗಿನ ಗಾಳಿ 9 × 1.93, ಅಂದರೆ 17 ಲೀಟರಿಗಿಂತ ಸ್ವಲ್ಪ ಹೆಚ್ಚು ಒಳಗೆ ಹೋಗಬೇಕು. ಇದೊಂದು ಸಂಖ್ಯೆ ಕೈಯಲ್ಲಿದ್ದರೆ ಯಾವ ಪಂಪನ್ನಾದರೂ ಅಂಗಡಿಯಲ್ಲಿ ನಿಂತೇ ತೂಗಿ ನೋಡಬಹುದು.

ಸೈಕಲಿನವರು ಚೌಕಟ್ಟಿಗೆ ಸಿಕ್ಕಿಸುವ ಚಿಕ್ಕ ಕೈಪಂಪ್: ಕೊಳವೆ 2 ಸೆಂ.ಮೀ. ಅಗಲ, 15 ಸೆಂ.ಮೀ. ಓಟ (ಒಂದು ಹೊಡೆತಕ್ಕೆ ಹಿಡಿ ಸರಿಯುವ ದೂರ). ಒಂದು ಹೊಡೆತಕ್ಕೆ 47 ಮಿಲಿಲೀಟರ್. ಲೆಕ್ಕಕ್ಕೇ 370 ಹೊಡೆತ ಬೇಕು, ಸೋರಿಕೆ ಸೇರಿದರೆ 450 ದಾಟುತ್ತದೆ. ಹಗುರ, ಅಗ್ಗ, ಚಾರ್ಜ್ ಬೇಡ, ಆದರೆ ರೈನ್‌ಕೋಟ್ ಹಾಕಿಕೊಂಡು ಘಾಟಿಯ ತಿರುವಿನಲ್ಲಿ 450 ಸಲ ಒತ್ತುವುದು ಆಗುವ ಕೆಲಸವಲ್ಲ. ಇದನ್ನು ಕೊಳ್ಳದೆಯೇ ಬಿಟ್ಟರು.

ಸೈಕಲ್ ಗುಂಪಿನ ಗೆಳೆಯರೊಬ್ಬರು ಇಂಗಾಲದ ಡೈಆಕ್ಸೈಡಿನ ಚಿಕ್ಕ ಸಿಲಿಂಡರ್ ಹೇಳಿದ್ದರು. 16 ಗ್ರಾಂ ಅನಿಲ ನಮ್ಮ ಕರಾವಳಿಯ ಬಿಸಿಯಲ್ಲಿ ಹರಡಿದರೆ ಸುಮಾರು 9 ಲೀಟರ್ ಆಗುತ್ತದೆ. ಅಂದರೆ ಈ ಟೈರಿಗೆ ಒಂದು ಸಿಲಿಂಡರ್ ಹಾಕಿದರೆ ಏರುವುದು 14 ಪಿಎಸ್‌ಐ. ಒಂದು ಹನಿ ಪೋಲಾಗದಿದ್ದರೆ ಎರಡು ಸಾಕು, ಟೈರಿಗೆ ಗಾಳಿ ಹಾಕುವ ಮೂತಿಗೆ (ವಾಲ್ವ್) ಕೂರಿಸುವಾಗ ಪೋಲಾಗಿಯೇ ಆಗುತ್ತದೆ, ಹಾಗಾಗಿ ಮೂರು ಇಟ್ಟುಕೊಳ್ಳಬೇಕು. ತೂತು ಸರಿಯಾಗಿ ಮುಚ್ಚಿಲ್ಲವೆಂದು ಆಮೇಲೆ ಗೊತ್ತಾದರೆ ಮೂರೂ ಹೋದವು. ಜೊತೆಗೆ ಈ ಅನಿಲ ಸಾಧಾರಣ ಗಾಳಿಗಿಂತ ಬೇಗ ರಬ್ಬರಿನ ಮೂಲಕ ಹೊರಬೀಳುತ್ತದೆ, ಮನೆಗೆ ಬಂದ ಮೇಲೆ ಅದನ್ನು ಬಿಟ್ಟು ಮತ್ತೆ ಗಾಳಿ ತುಂಬಬೇಕು. ಸೈಕಲಿನ ತೆಳು ಟೈರಿಗೆ ಇದು ಬಹಳ ಒಳ್ಳೆಯ ಸಾಧನ, ಬೈಕಿಗೆ ಹೊಂದುವುದಿಲ್ಲ.

ಕಾಲಲ್ಲಿ ತುಳಿಯುವ ಪಂಪನ್ನು ಅವರು ಕೊಂಡರು, ₹550. ಕೊಳವೆಯ ಅಗಲ 54 ಮಿ.ಮೀ., ಓಟ 12 ಸೆಂ.ಮೀ. ಒಂದು ತುಳಿತಕ್ಕೆ 275 ಮಿಲಿಲೀಟರ್. ಲೆಕ್ಕಕ್ಕೆ 63 ತುಳಿತ, ಮನೆಯ ಅಂಗಳದಲ್ಲಿ ಎಣಿಸಿದಾಗ 90ರ ಆಸುಪಾಸು ಬೇಕಾಯಿತು. ಒತ್ತಡ ಏರಿದ ಹಾಗೆ ಕೊಳವೆಯ ತಳದಲ್ಲಿ ಉಳಿಯುವ ಗಾಳಿ ಟೈರಿಗೆ ಹೋಗದೆ ಹಿಂದೆಯೇ ಹಿಗ್ಗುತ್ತದೆ, ವಾಷರ್ ಬದಿಯಿಂದಲೂ ಸೋರುತ್ತದೆ, ಅದಕ್ಕೇ ಈ ಅಂತರ. ಐದು ನಿಮಿಷದ ಕೆಲಸ, ಬೆವರು ಬರುತ್ತದೆ, ಆದರೆ ಆಗುತ್ತದೆ. ತೊಂದರೆ ಎರಡು. ಒಂದು, ಅದರ ಉದ್ದ ಮತ್ತು ತೂಕ ಬ್ಯಾಗಿಗೆ ಒಗ್ಗಲಿಲ್ಲ. ಇನ್ನೊಂದು, ಅದರ ಮೇಲಿನ ಮೀಟರು 6 ಪಿಎಸ್‌ಐ ಜಾಸ್ತಿ ತೋರಿಸುತ್ತಿತ್ತು. 28 ಎಂದು ನಿಲ್ಲಿಸಿದರೆ ಟೈರಿನಲ್ಲಿ ಇದ್ದದ್ದು 22. ಈ ಸುಳ್ಳು ಗೊತ್ತಾದದ್ದು ಬೇರೆಯಾಗಿ ಕೊಂಡ ಒಂದು ಡಯಲ್ ಗೇಜಿನಿಂದ. ನಮ್ಮ ಮಟ್ಟಿಗೆ ಈ ಇಡೀ ಖರೀದಿಯಲ್ಲಿ ಹೆಚ್ಚು ಉಪಯೋಗಕ್ಕೆ ಬಂದ ವಸ್ತು ಆ ಗೇಜು.

ಚಾರ್ಜ್ ಮಾಡುವ ಪಂಪ್

ಕೊನೆಗೆ ಉಳಿದದ್ದು ಒಳಗೇ ಬ್ಯಾಟರಿ ಇರುವ, ಮೊಬೈಲ್ ಚಾರ್ಜರಿನಲ್ಲಿ ಚಾರ್ಜ್ ಆಗುವ ಪಂಪ್. ಎರಡು ಮಾದರಿಗಳ ನಡುವೆ ಆಯ್ಕೆ ಇತ್ತು. ಒಂದರಲ್ಲಿ 6000 ಎಂಎಎಚ್ ಎಂದಿತ್ತು, ಇನ್ನೊಂದರಲ್ಲಿ 2000. ಮೊದಲನೆಯದು ಮೂರು ಪಟ್ಟು ದೊಡ್ಡದು ಎಂದು ಯಾರಿಗಾದರೂ ಅನಿಸುತ್ತದೆ. ಹಿಂಬದಿಯ ಚಿಕ್ಕ ಅಕ್ಷರ ಓದಿದಾಗ ಒಂದರಲ್ಲಿ 3.7 ವೋಲ್ಟ್, ಇನ್ನೊಂದರಲ್ಲಿ 11.1 ವೋಲ್ಟ್. ಎಂಎಎಚ್ ಮತ್ತು ವೋಲ್ಟನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಎರಡೂ 22.2 ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ ಒಂದೇ. ಒಂದೇ ಬಗೆಯ ಮೂರು ಸೆಲ್ಲುಗಳನ್ನು ಒಬ್ಬರು ಒಂದು ರೀತಿ ಎಣಿಸಿದ್ದಾರೆ, ಇನ್ನೊಬ್ಬರು ಇನ್ನೊಂದು ರೀತಿ. ಪಂಪ್ ಕೊಳ್ಳುವಾಗ ನೋಡಬೇಕಾದದ್ದು ವ್ಯಾಟ್-ಅವರ್. ಅದನ್ನು ಎಲ್ಲಿಯೂ ಬರೆಯದ ಪಂಪನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಬ್ಯಾಟರಿ ಸಮ ಎಂದಾದ ಮೇಲೆ ತೀರ್ಮಾನ ಮಾಡಿದ್ದು ಪೈಪು. ಒಂದರ ಪೈಪು ಗೇಣುದ್ದಕ್ಕೂ ಕಡಿಮೆ. ಅದನ್ನು ಮೂತಿಗೆ ತಿರುಗಿಸಿದರೆ ಅರ್ಧ ಕಿಲೋ ತೂಕದ ಪಂಪು ಮೂತಿಯಿಂದಲೇ ಜೋತಾಡುತ್ತದೆ, ಒಳಗಿನ ಮೋಟರಿನ ನಡುಕವೂ ಮೂತಿಗೇ. ಇನ್ನೊಂದರ ಪೈಪು 45 ಸೆಂ.ಮೀ. ಪಂಪನ್ನು ಫುಟ್‌ರೆಸ್ಟಿನ ಮೇಲೆ ಇಡಬಹುದು, ಹೊಳೆಯ ಹಾಗೆ ನೀರು ಹರಿಯುವ ರಸ್ತೆಯಂಚಿನಲ್ಲಿ ನೆಲಕ್ಕೆ ತಾಗಿಸಬೇಕಾಗಿಲ್ಲ. ₹2,600 ಕೊಟ್ಟು ಇದನ್ನೇ ತಂದರು.

ತಂದ ಭಾನುವಾರವೇ ಪರೀಕ್ಷೆ ಮಾಡಿದರು. ಇಂಥ ಪರೀಕ್ಷೆ ಮನೆಯಲ್ಲಿ ಆಗಬೇಕು, ಘಾಟಿಯಲ್ಲಲ್ಲ. ಬೈಕನ್ನು ಮಧ್ಯದ ಸ್ಟ್ಯಾಂಡಿಗೆ ಹಾಕಿ ಹಿಂದಿನ ಚಕ್ರ ನೆಲ ಬಿಡುವಂತೆ ಮಾಡಿದರು. ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಟ್ಟು, ಪಿನ್ ವಾಪಸು ಕೂರಿಸಿದರು. ಚಕ್ರದ ಮೇಲೆ ಭಾರ ಇರಬಾರದು ಎಂಬುದು ಇಲ್ಲಿ ಮುಖ್ಯ. ಗಾಳಿಯಿಲ್ಲದ ಟ್ಯೂಬ್‌ಲೆಸ್ ಟೈರಿನ ಮೇಲೆ ಬೈಕು ಕೂತರೆ ಅದರ ಅಂಚು ರಿಮ್ಮಿನಿಂದ ಕಳಚಬಹುದು. ಕಳಚಿದ ಅಂಚನ್ನು ಮತ್ತೆ ಕೂರಿಸಲು ಒಮ್ಮೆಲೇ ರಭಸದಿಂದ ಗಾಳಿ ನುಗ್ಗಬೇಕು. ಅದು ಅಂಗಡಿಯ ದೊಡ್ಡ ಕಂಪ್ರೆಸರಿನ ಕೆಲಸ, ಕೈಯಲ್ಲಿ ಹಿಡಿಯುವ ಯಾವ ಪಂಪಿನಿಂದಲೂ ನಿರೀಕ್ಷಿಸಬಾರದು.

ಸೊನ್ನೆಯಿಂದ 28ಕ್ಕೆ ಹಿಡಿದದ್ದು 3 ನಿಮಿಷ 20 ಸೆಕೆಂಡ್. ಪಂಪು ತಾನಾಗಿ ನಿಂತಿತು. ಒಂದು ನಿಮಿಷ ಬಿಟ್ಟು ಡಯಲ್ ಗೇಜಿನಲ್ಲಿ ನೋಡಿದರೆ 26.5. ಪಂಪು ಓಡುತ್ತಿರುವಾಗ ಪೈಪಿನೊಳಗಿನ ಒತ್ತಡ ಟೈರಿನದಕ್ಕಿಂತ ಸ್ವಲ್ಪ ಮೇಲಿರುತ್ತದೆ, ಮೀಟರು ಓದುವುದು ಪೈಪಿನದನ್ನು. ಆದ್ದರಿಂದ ಈ ಪಂಪಿನಲ್ಲಿ 30ಕ್ಕೆ ಇಟ್ಟರೆ 28ರ ಮೇಲೆ ಸ್ವಲ್ಪ ಬರುತ್ತದೆ ಎಂದು ಕಾಗದದಲ್ಲಿ ಬರೆದು ಪಂಪಿಗೇ ಅಂಟಿಸಿದರು. ಬ್ಯಾಟರಿಯ ನಾಲ್ಕು ಗೆರೆಗಳಲ್ಲಿ ಒಂದು ಕಡಿಮೆಯಾಗಿತ್ತು. ಪೈಪಿನ ತುದಿಯ ಹಿತ್ತಾಳೆ ಕೈ ಸುಡುವಷ್ಟು ಬಿಸಿ. ಬರಿಗೈಯಲ್ಲಿ ಹಿಡಿದು ತಟ್ಟನೆ ಬಿಟ್ಟರೆ ಅರ್ಧ ಬಿಚ್ಚಿದ ತಿರುಪಿನಿಂದ ಗಾಳಿ ಸುಯ್ಯೆಂದು ಹೋಗುತ್ತದೆ. ಗ್ಲೌಸ್ ಹಾಕಿ, ಮೂರು ನಾಲ್ಕು ಸುತ್ತು ಬೇಗ ಬೇಗ ತಿರುಗಿಸಿ ತೆಗೆಯಬೇಕು. ಒಂದು ಟೈರು ತುಂಬಿದ ಮೇಲೆ ಹತ್ತು ನಿಮಿಷ ಪಂಪಿಗೆ ಬಿಡುವು ಕೊಡಬೇಕು, ಬಿಸಿಯಲ್ಲಿ ಬಿಡದೆ ಓಡಿಸಿದರೆ ಒಳಗಿನ ವಾಷರ್ ಹಾಳಾಗುತ್ತದೆ.

ಎಲ್ಲ ಸರಿಯಾಯಿತು ಎನ್ನುವಾಗ ಮುಂದಿನ ಚಕ್ರ ತಕರಾರು ತೆಗೆಯಿತು. ಮೂತಿಯ ತುದಿಯಿಂದ ಡಿಸ್ಕಿನ ಅಂಚಿಗೆ ಮೂರು ಬೆರಳಿನಷ್ಟೂ ಜಾಗವಿಲ್ಲ. ಪೈಪಿನ ಗಟ್ಟಿ ತುದಿ ಒಳಗೆ ಹೋಗುತ್ತದೆ, ತಿರುಗಿಸಲು ಬೆರಳು ಹೋಗುವುದಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಎಲ್ ಆಕಾರದ ಹಿತ್ತಾಳೆ ಅಡಾಪ್ಟರ್ ಸಿಕ್ಕಿತು. ಎರಡು ತಂದು ಎರಡೂ ಚಕ್ರಕ್ಕೆ ಹಾಕಿ, ಪ್ರತಿ ಸಲ ಬಿಚ್ಚುವ ಕಷ್ಟ ಯಾಕೆ ಎಂದು ಅಲ್ಲೇ ಬಿಟ್ಟರು. ಈ ಪ್ರಕರಣ ಬರೆಯಲು ನಿಜವಾದ ಕಾರಣ ಆ ತೀರ್ಮಾನ.

ಪ್ರತಿ ಶನಿವಾರ ಮೂರು ಪಿಎಸ್‌ಐ

ಆಗಸ್ಟಿನಿಂದ ಶನಿವಾರ ರಾತ್ರಿ ಗಾಳಿ ನೋಡುವುದು ಅಭ್ಯಾಸವಾಯಿತು. ಒಳ್ಳೆಯ ಅಭ್ಯಾಸ. ಬಂಕಿಗೆ ಹೋಗಿ ಸರತಿ ನಿಲ್ಲುವ ಕೆಲಸವಿಲ್ಲ. ಅದಕ್ಕಿಂತ ಮುಖ್ಯವಾಗಿ, ಟೈರು ತಣ್ಣಗಿರುವಾಗ ಅಳೆಯಬಹುದು. ಇಪ್ಪತ್ತು ಕಿಲೋಮೀಟರ್ ಓಡಿಸಿ ಬಂಕಿಗೆ ಹೋದರೆ ಟೈರಿನ ಒಳಗಿನ ಗಾಳಿ 20 ಡಿಗ್ರಿ ಬಿಸಿಯಾಗಿದ್ದರೂ 3 ಪಿಎಸ್‌ಐ ಏರಿರುತ್ತದೆ. ಅಲ್ಲಿ 28 ಎಂದು ನೋಡಿ ಬಂದವರ ಟೈರಿನಲ್ಲಿ ಬೆಳಿಗ್ಗೆ 25 ಮಾತ್ರ ಇರುತ್ತದೆ.

(ಘಾಟಿ ಹತ್ತಿದರೆ ಗಾಳಿ ಬದಲಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಆಗುಂಬೆ ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಅಲ್ಲಿ ಹೊರಗಿನ ವಾಯುಭಾರ ಕಡಿಮೆ ಇರುವುದರಿಂದ ಗೇಜು 1 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಉಡುಪಿಗಿಂತ ಅಲ್ಲಿ 10 ಡಿಗ್ರಿ ತಂಪಿದ್ದರೆ ಅದರಿಂದ 1.4 ಪಿಎಸ್‌ಐ ಇಳಿಯುತ್ತದೆ. ಒಂದನ್ನೊಂದು ಬಹುಪಾಲು ಸರಿಗಟ್ಟುತ್ತವೆ, ಮೇಲೆ ಹೋಗಿ ಗಾಳಿ ಬಿಡುವುದೂ ಬೇಡ, ಹಾಕುವುದೂ ಬೇಡ.)

ಅಕ್ಟೋಬರ್ ತನಕ ಹಿಂದಿನ ಟೈರು ವಾರಕ್ಕೆ ಅರ್ಧ ಪಿಎಸ್‌ಐ ಕೂಡ ಇಳಿಯುತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ಶನಿವಾರ 28 ತುಂಬಿದ್ದು ಮುಂದಿನ ಶನಿವಾರ 25 ಆಗಿರುತ್ತಿತ್ತು. ಸವಾರರು ಗುಂಡಿ ಒತ್ತುತ್ತಿದ್ದರು, ಅರ್ಧ ನಿಮಿಷದಲ್ಲಿ ಮತ್ತೆ 28. ಹೀಗೆ ಐದು ವಾರ ಹೋಯಿತು.

ಪಂಪ್ ಇಲ್ಲದಿದ್ದ ಕಾಲದಲ್ಲಾದರೆ ಎರಡನೇ ವಾರಕ್ಕೇ ಅಂಗಡಿಗೆ ಹೋಗುತ್ತಿದ್ದರು. ಗಾಳಿ ಹಾಕುವುದು ಇಷ್ಟು ಸುಲಭವಾದದ್ದರಿಂದ ಸೋರಿಕೆ ಒಂದು ತೊಂದರೆ ಎಂದೇ ಅನಿಸಲಿಲ್ಲ. ಕಣ್ಣು ತೆರೆಸಿದ್ದು ಗೋಡೆಯ ಕ್ಯಾಲೆಂಡರ್. ಪ್ರತಿ ಶನಿವಾರದ ಚೌಕದಲ್ಲಿ ಎರಡು ಸಂಖ್ಯೆ ಬರೆದಿಡುತ್ತಿದ್ದರು, ಮುಂದಿನ ಟೈರಿನದು, ಹಿಂದಿನ ಟೈರಿನದು. ನವೆಂಬರಿನ ಹಾಳೆ ತಿರುವುವಾಗ ಮುಂದಿನದು ತಿಂಗಳಿಗೆ 1 ಪಿಎಸ್‌ಐ ಇಳಿದಿದೆ, ಹಿಂದಿನದು ವಾರಕ್ಕೆ 3 ಎಂದು ಒಟ್ಟಿಗೆ ಕಂಡಿತು. ಒಂದೇ ಮನೆ, ಒಂದೇ ರಸ್ತೆ, ಒಂದೇ ಹವೆ, ಎರಡು ಟೈರಿಗೆ ಇಷ್ಟು ಅಂತರ ಬರಬಾರದು.

ಡಿಸೆಂಬರಿನ ಮೊದಲ ವಾರ ಪಂಕ್ಚರ್ ಅಂಗಡಿಗೆ ಒಯ್ದರು. ಅಂಗಡಿಯವರು ಚಕ್ರ ಬಿಚ್ಚಿ ತೊಟ್ಟಿಯ ನೀರಿನಲ್ಲಿ ಇಡೀ ಟೈರು ತಿರುಗಿಸಿದರು. ಜುಲೈಯ ಮೊಳೆಯ ತೂತಿಗೆ ಹೆಬ್ರಿಯಲ್ಲಿ ಹಾಕಿದ ರಬ್ಬರ್ ಪ್ಲಗ್ ಇನ್ನೂ ಗಟ್ಟಿ, ಎಲ್ಲಿಯೂ ಗುಳ್ಳೆಯಿಲ್ಲ. ರಿಮ್ಮಿನ ಅಂಚಿಗೆ ಸಾಬೂನು ನೀರು ಹಚ್ಚಿದರು, ಅಲ್ಲಿಯೂ ಇಲ್ಲ. ಕಡೆಗೆ ಮೂತಿಯ ಬುಡಕ್ಕೆ ನೊರೆ ಹಚ್ಚಿ, ಬೆರಳಿನಿಂದ ಮೂತಿಯನ್ನು ಮೆಲ್ಲಗೆ ಒಂದು ಬದಿಗೆ ಬಾಗಿಸಿದರು. ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕು ಬಾಯಿ ತೆರೆಯಿತು, ಸಾಸಿವೆ ಕಾಳಿನಷ್ಟು ಚಿಕ್ಕ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಕೈ ಬಿಟ್ಟರೆ ನಿಂತವು.

“ಟೈರಲ್ಲಿ ಏನೂ ಇಲ್ಲ ಮಾರಾಯ್ರೆ. ಈ ಹಿತ್ತಾಳೆ ತುಂಡು ಹಾಕಿಕೊಂಡು ಎಷ್ಟು ಸಮಯದಿಂದ ಓಡಿಸ್ತಾ ಇದ್ದೀರಿ?” ಎಂದು ಕೇಳಿದರು ಅಂಗಡಿಯವರು.

“ನಾಲ್ಕು ತಿಂಗಳಾಯ್ತು.”

“ಅದೇ ಬುಡ ತಿಂದದ್ದು.”

ಅವರು ಹೇಳಿದ್ದು ಸರಿ ಎಂದು ಲೆಕ್ಕವೂ ಹೇಳುತ್ತದೆ. ಬೈಕು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುವಾಗ 17 ಇಂಚಿನ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ. ಮೂತಿ ಇರುವ ಜಾಗದಲ್ಲಿ ಹೊರಕ್ಕೆ ಎಳೆಯುವ ಬಲ ವಸ್ತುವಿನ ತೂಕದ ನೂರು ಪಟ್ಟು. 15 ಗ್ರಾಮಿನ ಅಡಾಪ್ಟರ್ ಆಗ ಒಂದೂವರೆ ಕಿಲೋ ಭಾರದ ಹಾಗೆ ಮೂತಿಯನ್ನು ಒತ್ತುತ್ತದೆ. ಎಲ್ ಆಕಾರದ ಒಂದು ಕೈ ಬದಿಗೆ ಚಾಚಿರುವುದರಿಂದ ಆ ಭಾರ ನೇರವಾಗಿ ಬೀಳದೆ ಮೂತಿಯನ್ನು ಪಕ್ಕಕ್ಕೆ ಬಗ್ಗಿಸುತ್ತದೆ. ವೇಗ ಏರಿದಾಗ ಬಗ್ಗುತ್ತದೆ, ಬ್ರೇಕ್ ಹಾಕಿದಾಗ ನೆಟ್ಟಗಾಗುತ್ತದೆ, ಮಂಗಳೂರಿಗೆ ಹೋಗಿ ಬರುವ ಒಂದು ದಿನದಲ್ಲೇ ನೂರಾರು ಸಲ. ರಬ್ಬರು ತಂತಿಯ ಹಾಗೆ ಬಗ್ಗಿ ಬಗ್ಗಿ ಬಿರಿಯುತ್ತದೆ. ಕಂಪನಿ ಕೊಡುವ ಪ್ಲಾಸ್ಟಿಕ್ ಕ್ಯಾಪಿಗೆ ಒಂದು ಗ್ರಾಮೂ ತೂಕವಿಲ್ಲದಿರುವುದು ಸುಮ್ಮನೆ ಅಲ್ಲ. ಗಾಳಿ ಎಷ್ಟಿದೆಯೆಂದು ಮೊಬೈಲಿಗೆ ತೋರಿಸುವ ಭಾರದ ಕ್ಯಾಪುಗಳನ್ನು ರಬ್ಬರ್ ಮೂತಿಗೆ ಹಾಕಿಸಿಕೊಂಡವರೂ ಇದನ್ನು ಗಮನಿಸಬೇಕು.

ಇದು ಸಣ್ಣ ವಿಷಯವೂ ಅಲ್ಲ. ಮೆಲ್ಲಗೆ ಸೋರುವ ಬಿರುಕು ಒಂದು ದಿನ ಪೂರ್ತಿ ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ. ಅದು ಹೆಜಮಾಡಿಯ ನೇರ ರಸ್ತೆಯಲ್ಲಿ, ಹಿಂದೆ ಲಾರಿ ಇರುವಾಗ ಆಗಿದ್ದರೆ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯವರು ಹಿಂದಿನ ಚಕ್ರಕ್ಕೆ ರಬ್ಬರಿನ ಬದಲು ನಟ್ ಹಾಕಿ ಬಿಗಿಯುವ, ಹುಟ್ಟಿನಿಂದಲೇ ಬದಿಗೆ ತಿರುಗಿರುವ ಲೋಹದ ವಾಲ್ವ್ ಹಾಕಿದರು. ಇದನ್ನು ಕೊಳ್ಳುವ ಮೊದಲು ರಿಮ್ಮಿನ ತೂತು ಅಳೆಯಬೇಕು. ಬೈಕುಗಳಲ್ಲಿ 8.3 ಮಿ.ಮೀ. ಮತ್ತು 11.3 ಮಿ.ಮೀ. ಎರಡೂ ಇವೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬಿಗಿಯುವಾಗ ಅತಿಯಾಗಿ ತಿರುಗಿಸಿದರೆ ಕೆಳಗಿನ ರಬ್ಬರ್ ವಾಷರ್ ಹಿಂಡಿಹೋಗಿ ಮತ್ತೆ ಸೋರುತ್ತದೆ. ಮುಂದಿನ ಚಕ್ರದ ಅಡಾಪ್ಟರನ್ನು ಆಗಲೇ ಬಿಚ್ಚಿದರು. ಆ ಮೂತಿ ಇನ್ನೂ ಬಿರಿದಿರಲಿಲ್ಲ, ಆದರೂ ಮುಂದಿನ ಟೈರು ಬದಲಿಸುವಾಗ ಅದನ್ನೂ ಬದಲಿಸುವುದೆಂದು ತೀರ್ಮಾನವಾಯಿತು. ಟೈರು ಹೊಸದಾದಾಗಲೆಲ್ಲ ರಬ್ಬರ್ ಮೂತಿಯೂ ಹೊಸದಾಗಬೇಕು. ಟೈರಿಗೆ ಸಾವಿರಾರು ಕೊಟ್ಟು ಮೂತಿಯ ಸಣ್ಣ ಖರ್ಚು ಉಳಿಸುವವರು ಬಹಳ ಮಂದಿ.

ಉಪ್ಪು, ಬಿಸಿಲು, ಮಳೆ

ನಮ್ಮ ಕರಾವಳಿಯಲ್ಲಿ ಪಂಪನ್ನು ಹಾಳುಮಾಡುವುದು ಬಳಕೆಗಿಂತ ಹೆಚ್ಚಾಗಿ ಇಟ್ಟುಕೊಂಡ ರೀತಿ. ಒಂದು ಮಳೆಗಾಲ ಬ್ಯಾಗಿನ ತಳದಲ್ಲಿ ಬಿದ್ದ ಪಂಪಿನ ಚಾರ್ಜಿಂಗ್ ತೂತಿನಲ್ಲಿ ಹಸಿರು ಕಿಲುಬು ಕಟ್ಟುತ್ತದೆ, ಚಾರ್ಜ್ ಆಗುವುದೇ ಇಲ್ಲ. ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ, ಒಳಗೆ ತೇವ ಹೀರುವ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣ ಸಾಕು. ಒದ್ದೆಯಾದ ಪಂಪನ್ನು ಒಣಗುವ ತನಕ ಚಾರ್ಜಿಗೆ ಹಾಕಬಾರದು. ಏಪ್ರಿಲ್, ಮೇಯಲ್ಲಿ ಮಲ್ಪೆಯ ಬಿಸಿಲಿಗೆ ನಿಲ್ಲಿಸಿದ ಬೈಕಿನ ಮುಚ್ಚಿದ ಪೆಟ್ಟಿಗೆ ಒಲೆಯ ಹಾಗಿರುತ್ತದೆ. ಲಿಥಿಯಂ ಬ್ಯಾಟರಿ ಅಲ್ಲಿ ಸೊರಗುತ್ತದೆ, ಆದ್ದರಿಂದ ಪಂಪು ಸವಾರರ ಹೆಗಲಿನ ಚೀಲದಲ್ಲಿ ಅವರ ಜೊತೆ ನೆರಳಿಗೆ ಹೋಗಬೇಕು. ಬಳಸದಿದ್ದರೂ ತಿಂಗಳ ಮೊದಲ ದಿನ ಚಾರ್ಜ್ ನೋಡಬೇಕು. ಬೇಕಾದ ದಿನ ಖಾಲಿಯಾಗಿರುವ ಪಂಪಿಗಿಂತ ₹550ರ ಕಾಲು ಪಂಪ್ ಮೇಲು.

ಕಡ್ಡಿ ಚಕ್ರ, ಒಳಗೆ ಟ್ಯೂಬು ಇರುವ ಬೈಕಿನವರಿಗೆ ಈ ಪ್ರಕರಣ ಅರ್ಧ ಮಾತ್ರ ಅನ್ವಯ. ಟ್ಯೂಬಿಗೆ ಮೊಳೆ ಹೊಕ್ಕರೆ ಗಾಳಿ ಕಡ್ಡಿಗಳ ತೂತಿನಿಂದಲೇ ಹೋಗುತ್ತದೆ, ಯಾವ ಪಂಪೂ ಅದನ್ನು ಹಿಡಿದಿಡುವುದಿಲ್ಲ. ಅವರಿಗೆ ಬೇಕಾದದ್ದು ಹೆಚ್ಚುವರಿ ಟ್ಯೂಬು, ಟೈರ್ ಲಿವರ್, ಹಿಂದಿನ ಆಕ್ಸೆಲ್ ಬಿಚ್ಚುವ ಸ್ಪ್ಯಾನರ್. ಪಂಪು ಆಮೇಲೆ. ಟೈರಿನ ಪಕ್ಕದ ಗೋಡೆ ಸೀಳಿದರೆ ಟ್ಯೂಬ್‌ಲೆಸ್ಸಿಗೂ ಇದೇ ಮಾತು, ಅಲ್ಲಿ ಪ್ಲಗ್ ನಿಲ್ಲುವುದಿಲ್ಲ.

ಮುಂದಿನ ಜೂನ್

ಪಂಪಿನ ನಿಜವಾದ ಪರೀಕ್ಷೆ ಕಾರ್ಕಳದಿಂದ ಕುದುರೆಮುಖಕ್ಕೆ ಹೋಗುವ ರಸ್ತೆಯಲ್ಲಿ, ಮಾಳ ದಾಟಿ ಕಾಡು ಶುರುವಾದ ಮೇಲೆ ಆಯಿತು. ಮಳೆಗಾಲದಲ್ಲಿ ಪಂಕ್ಚರ್ ಹೆಚ್ಚು. ಒದ್ದೆ ರಬ್ಬರಿಗೆ ಮೊಳೆ, ಗಾಜು ಸಲೀಸಾಗಿ ಜಾರಿ ಹೊಗುತ್ತವೆ. ಈ ಸಲ ಹಿಂದಿನ ಟೈರಿಗೆ ಒಂದು ತುಂಡು ಮೊಳೆ. ಗೇಜಿನಲ್ಲಿ 9 ಪಿಎಸ್‌ಐ.

ಮೊಳೆ ಯಾವ ಓರೆಯಲ್ಲಿ ಹೋಗಿದೆ ಎಂದು ಮೊದಲು ನೋಡಿಕೊಂಡರು, ಪಕ್ಕದಲ್ಲಿ ಸೀಮೆಸುಣ್ಣದ ಗೆರೆ ಎಳೆದರು. ರಬ್ಬರ್ ಪಟ್ಟಿಯನ್ನು ಸೂಜಿಗೆ ಪೋಣಿಸಿ, ಸಲ್ಯೂಷನ್ ಹಚ್ಚಿ, ಎಲ್ಲ ಸಿದ್ಧವಾದ ಮೇಲೆ ಮಾತ್ರ ಮೊಳೆ ಕಿತ್ತರು. ಅದೇ ಓರೆಯಲ್ಲಿ ಅರದಂಥ ಮುಳ್ಳಿನ ಕಡ್ಡಿ ಎಂಟು ಹತ್ತು ಸಲ ಒಳಗೆ ಹೊರಗೆ ಆಡಿಸಿದರು. ನೇರ ಚುಚ್ಚಿದರೆ ಹೊಸ ತೂತಾಗುತ್ತದೆ, ಹಳೆಯದು ಹಾಗೇ ಸೋರುತ್ತದೆ. ಪಟ್ಟಿಯ ಬಾಲ ಹೊರಗೆ ಒಂದು ಸೆಂಟಿಮೀಟರ್ ಉಳಿಯುವಷ್ಟು ಒತ್ತಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರತೆಗೆದರು. ಬಾಲವನ್ನು ಬ್ಲೇಡಿನಿಂದ ಎರಡು ಮೂರು ಮಿಲಿಮೀಟರ್ ಬಿಟ್ಟು ಕತ್ತರಿಸಿದರು. ಅಷ್ಟರಲ್ಲಿ ಟೈರು ಖಾಲಿಯಾಗಿರಲಿಲ್ಲ, ಬೈಕು ಮಧ್ಯದ ಸ್ಟ್ಯಾಂಡಿನಲ್ಲಿ ಇದ್ದುದರಿಂದ ಅಂಚೂ ಕದಲಿರಲಿಲ್ಲ.

ಪಂಪನ್ನು ಫುಟ್‌ರೆಸ್ಟಿನ ಮೇಲಿಟ್ಟು ರೈನ್‌ಕೋಟಿನ ಅಂಚಿನಿಂದ ಮುಚ್ಚಿದರು. ಬದಿಗೆ ತಿರುಗಿದ ಹೊಸ ವಾಲ್ವ್ ಇದ್ದುದರಿಂದ ಪೈಪು ಎರಡು ಬೆರಳಲ್ಲಿ ಕೂತಿತು. ಮೊದಲು ಅಂಟಿಸಿಟ್ಟ ಕಾಗದದಂತೆ 30ಕ್ಕೆ ಇಟ್ಟು ಗುಂಡಿ ಒತ್ತಿದರು. ಎರಡೂವರೆ ನಿಮಿಷದೊಳಗೆ ನಿಂತಿತು, ಗೇಜಿನಲ್ಲಿ 28. ಪ್ಲಗ್ಗಿನ ಮೇಲೆ ನೀರು ಹನಿಸಿ ನೋಡಿದರು, ಗುಳ್ಳೆ ಇಲ್ಲ. ನಿಲ್ಲಿಸಿದ್ದರಿಂದ ಹೊರಡುವ ತನಕ ಹದಿನಾಲ್ಕು ನಿಮಿಷ. ಹತ್ತು ಕಿಲೋಮೀಟರ್ ಮೆಲ್ಲಗೆ ಓಡಿಸಿ ಮತ್ತೊಮ್ಮೆ ಅಳೆದರು. ಟೈರು ಬಿಸಿಯಾದ ಲೆಕ್ಕಕ್ಕೆ ಎರಡು ಪಿಎಸ್‌ಐ ಏರಿತ್ತು, ಇಳಿದಿರಲಿಲ್ಲ. ಮರುದಿನ ಅಂಗಡಿಯಲ್ಲಿ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದರು.

ಅವರ ಚೀಲದಲ್ಲಿ ಈಗ ಪಂಪು, ಡಯಲ್ ಗೇಜು, ಪ್ಲಗ್ ಹಾಕುವ ಸಾಮಾನು, ಒಂದು ಜೊತೆ ಗ್ಲೌಸ್ ಇವೆ. 12 ವೋಲ್ಟಿನ ಪಂಪನ್ನು ಕಾರು ಇರುವ ನೆಂಟರಿಗೆ ಕೊಟ್ಟಿದ್ದಾರೆ. ಎಲ್ ಅಡಾಪ್ಟರ್ ಒಂದನ್ನು ಮುಂದಿನ ಚಕ್ರಕ್ಕೆಂದು ಇಟ್ಟುಕೊಂಡಿದ್ದಾರೆ. ಅದಕ್ಕೊಂದು ಕೆಂಪು ನೂಲು ಕಟ್ಟಿ ನೂಲಿನ ಇನ್ನೊಂದು ತುದಿಯನ್ನು ಪಂಪಿನ ಪೈಪಿಗೆ ಗಂಟು ಹಾಕಿದ್ದಾರೆ, ಗಾಳಿ ಹಾಕಿ ಪೈಪು ತೆಗೆದರೆ ಅಡಾಪ್ಟರೂ ಚೀಲಕ್ಕೇ ಬರಬೇಕು ಎಂದು.